ಎಣ್ಣೆಬಣ್ಣ: ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ

ಯಾದಗಿರಿ, ಶಹಾಪುರ ಹಾಗೂ ಸುರಪುರದ ವೆಲ್ಡಿಂಗ್ ಕಾರ್ಯಾಗಾರಗಳಲ್ಲಿ ತಯಾರಾಗುವ ಗೇಟು, ಗ್ರಿಲ್, ಕಪಾಟು ಹಾಗೂ ಟ್ರ್ಯಾಕ್ಟರ್ ಟ್ರ್ಯಾಲಿಗಳಿಗೆ ಕಟ್ಟಕಡೆಯ ಕೆಲಸವೆಂದರೆ ಬಣ್ಣ. ಬಣ್ಣ ಬೆರಳಿಗೆ ಅಂಟದಿದ್ದರೆ ಮಾಲು ಸಿದ್ಧವಾಯಿತೆಂದು ಭಾವಿಸುವುದು ರೂಢಿ. ಹಾಗೆ ಅವಸರದಲ್ಲಿ ಸಾಗಿಸಿದ ಮಾಲಿನ ಮೇಲೆ ಹಗ್ಗದ ಗುರುತು, ಗೋಣಿಯ ಅಚ್ಚು ಮೂಡುತ್ತದೆ. ಮರಳಿ ಬಳಿಯುವ ಕೂಲಿಯೂ ಬಣ್ಣದ ಬೆಲೆಯೂ ತಯಾರಕರ ಲಾಭದಿಂದಲೇ ಕಳೆಯುತ್ತವೆ.

ಗೋಡೆಗೆ ಬಳಿಯುವ ನೀರಿನ ಬಣ್ಣದಲ್ಲಿ ನೀರು ಆವಿಯಾದಂತೆ ಅಂಟಿನ ಕಣಗಳು ಒಂದಕ್ಕೊಂದು ಬೆಸೆದು ಪದರವಾಗುತ್ತವೆ. ಎಣ್ಣೆಬಣ್ಣ ಹಾಗೂ ಸಿಂಥೆಟಿಕ್ ಇನಾಮೆಲ್‌ಗಳ ರೀತಿ ಬೇರೆ. ಮೊದಲು ಅದರಲ್ಲಿರುವ ತಿನ್ನರ್ ಹಾರಿಹೋಗುತ್ತದೆ. ಅನಂತರ ಎಣ್ಣೆಯು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಇನಾಮೆಲ್ ಕೆಲವು ಗಂಟೆಗಳಲ್ಲಿ ಕೈಗೆ ಅಂಟದಂತಾದರೂ ಈ ಹೆಣಿಗೆ ಪೂರ್ಣಗೊಳ್ಳಲು ಹಲವು ದಿನಗಳು ಬೇಕು.

ಎಲ್ಲ ಎಣ್ಣೆಗಳೂ ಹೀಗೆ ಗಟ್ಟಿಯಾಗುವುದಿಲ್ಲ. ಎಣ್ಣೆಯ ಈ ಗುಣವನ್ನು ಅಯೋಡಿನ್ ಮೌಲ್ಯದಿಂದ ಅಳೆಯುತ್ತಾರೆ. ಅಗಸೆ ಎಣ್ಣೆಯಲ್ಲಿ ಅದು 170ಕ್ಕೂ ಹೆಚ್ಚು. ಶೇಂಗಾ ಎಣ್ಣೆಯಲ್ಲಿ 90ರ ಆಸುಪಾಸು. ಆದ್ದರಿಂದಲೇ ಅಗಸೆ ಎಣ್ಣೆ ಬಣ್ಣಕ್ಕೆ ಸೇರಿದರೆ ಶೇಂಗಾ ಎಣ್ಣೆ ಒಗ್ಗರಣೆಗೆ ಸೀಮಿತವಾಗಿದೆ. ಜೋಳದ ಹೊಲದ ಅಂಚಿನಲ್ಲಿ ಮುಳ್ಳುಬೇಲಿಯಂತೆ ಬೆಳೆಯುವ ಕುಸುಬೆಯ ಎಣ್ಣೆಯದು 140ರ ಆಸುಪಾಸು. ಇದು ನಿಧಾನವಾಗಿ ಒಣಗಿದರೂ ಅಗಸೆಯಷ್ಟು ಹಳದಿಯಾಗದ ಕಾರಣ ಬಿಳಿ ಬಣ್ಣಗಳಿಗೆ ಒಪ್ಪುತ್ತದೆ.

ಒಣಗುವಿಕೆಯನ್ನು ತ್ವರಿತಗೊಳಿಸಲು ತಯಾರಕರು ಡ್ರೈಯರ್ ಎಂಬ ಲೋಹಲವಣಗಳನ್ನು ಸೇರಿಸುತ್ತಾರೆ. ಕೋಬಾಲ್ಟ್ ಮೇಲ್ಪದರವನ್ನು ಬೇಗ ಒಣಗಿಸುತ್ತದೆ. ಜಿರ್ಕೋನಿಯಮ್ ಒಳಪದರಕ್ಕೆ ನೆರವಾಗುತ್ತದೆ. ಹಿಂದೆ ಈ ಒಳಪದರದ ಕೆಲಸಕ್ಕೆ ಸೀಸವನ್ನು ಬಳಸುತ್ತಿದ್ದರು. ಅದು ಮಕ್ಕಳ ಮಿದುಳಿಗೆ ಹಾನಿಕರ. ಕೇಂದ್ರ ಸರ್ಕಾರದ 2016ರ ನಿಯಮಗಳ ಪ್ರಕಾರ ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗಗಳನ್ನು ಮೀರುವಂತಿಲ್ಲ. ಡಬ್ಬಿಯ ಮೇಲೆ ಈ ಬಗೆಗಿನ ಘೋಷಣೆ ಇದೆಯೇ ಎಂಬುದನ್ನು ಖರೀದಿಸುವಾಗಲೇ ನೋಡಿಕೊಳ್ಳುವುದು ವರ್ತಕರಿಗೆ ಕ್ಷೇಮ.

ಈ ಭಾಗದ ಬಿಸಿಲು ಬಣ್ಣಕ್ಕೆ ಮಿತ್ರನೂ ಹೌದು, ಶತ್ರುವೂ ಹೌದು. ಬೇಸಿಗೆಯ ಮಧ್ಯಾಹ್ನ ಕಾದ ತಗಡಿನ ಮೇಲೆ ದಪ್ಪವಾಗಿ ಬಳಿದರೆ ಮೇಲ್ಭಾಗ ತಕ್ಷಣ ಕೆನೆಗಟ್ಟುತ್ತದೆ. ಗಾಳಿ ತಾಗದ ಒಳಭಾಗ ಹಸಿಯಾಗಿಯೇ ಉಳಿದು ಮೈ ಸುಕ್ಕಾಗುತ್ತದೆ. ಬೆಳಗಿನ ಹೊತ್ತು, ನೆರಳಿನಲ್ಲಿ, ಎರಡು ತೆಳುವಾದ ಕೋಟುಗಳನ್ನು ಕೊಡುವುದು ಲೇಸು. ಮೊದಲ ಕೋಟು ಕನಿಷ್ಠ ಒಂದು ರಾತ್ರಿ ಒಣಗಬೇಕು. ಮಳೆಗಾಲದಲ್ಲಿ ತಣ್ಣನೆಯ ಕಬ್ಬಿಣದ ಮೇಲೆ ತೇವ ಕೂತರೆ ಹೊಳಪು ಮಾಸುತ್ತದೆ. ತಿನ್ನರ್ ಬದಲು ಸೀಮೆಎಣ್ಣೆ ಬೆರೆಸಿದರೆ ಅದರ ಜಿಡ್ಡು ಪದರದಲ್ಲಿ ಉಳಿದು ಗಟ್ಟಿಯಾಗುವುದು ತಡವಾಗುತ್ತದೆ.

ಅಂಗಡಿಯಲ್ಲಿಯೂ ಎಚ್ಚರ ಅಗತ್ಯ. ಬಹುಕಾಲ ಇಟ್ಟ ಡಬ್ಬಿಯಲ್ಲಿ ಡ್ರೈಯರ್ ಬಣ್ಣದ ಪುಡಿಗೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುವುದರಿಂದ ಮೊದಲು ಬಂದ ಮಾಲನ್ನು ಮೊದಲು ಮಾರಬೇಕು. ತೆರೆದ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ರಾಶಿ ಹಾಕಬಾರದು. ಆಮ್ಲಜನಕ ಹೀರುವಾಗ ಹುಟ್ಟುವ ಶಾಖ ಒಳಗೇ ಉಳಿದು ಕಿಡಿಯಿಲ್ಲದೆಯೂ ಬೆಂಕಿ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಗಳನ್ನು ನೀರಿನಲ್ಲಿ ಅದ್ದಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಬೇಕು.

ಆರ್ಡರು ಒಪ್ಪಿಕೊಳ್ಳುವಾಗಲೇ ಬಣ್ಣ ಗಟ್ಟಿಯಾಗುವ ದಿನಗಳನ್ನು ಗಡುವಿನಲ್ಲಿ ಸೇರಿಸಿ ಹೇಳುವುದು ಜಾಣತನ. ಸಾಗಿಸುವ ಮುನ್ನ ಮರೆಯಾದ ಮೂಲೆಯೊಂದನ್ನು ಉಗುರಿನಿಂದ ಒತ್ತಿ ನೋಡಿ, ಗುರುತು ಉಳಿದರೆ ಇನ್ನೂ ಒಂದೆರಡು ದಿನ ತಡೆಯುವುದು ಒಳಿತು.