ರಜೆಯಲ್ಲಿ ನಲ್ಲಿ ಬಂದ್ ಆದರೆ? ಅಮೆರಿಕದ ಕಪ್ಪು ಮಕ್ಕಳ ಉಚಿತ ಬೇಸಿಗೆ ಶಾಲೆಗಳ ಕಥೆ

ಬೇಸಿಗೆ ರಜೆ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಅಜ್ಜಿ ಮನೆ, ಮಾವಿನಹಣ್ಣು, ಬೀದಿ ಕ್ರಿಕೆಟ್. ಜೊತೆಗೆ ಅಪ್ಪ ಅಮ್ಮ ದುಡ್ಡು ಕಟ್ಟಿ ಸೇರಿಸಿದ ಅಬಾಕಸ್ ಕ್ಲಾಸೋ, ಸ್ವಿಮ್ಮಿಂಗೋ, ಸಮ್ಮರ್ ಕ್ಯಾಂಪೋ ಒಂದು ಇದ್ದೇ ಇರ್ತಿತ್ತು. ರಜೆಯಲ್ಲೂ ಕ್ಲಾಸಾ ಅಂತ ಗೊಣಗಿಕೊಂಡೇ ಹೋಗ್ತಿದ್ವಿ. ಅಂಥ ಕ್ಲಾಸಿಗೆ ಹೋಗಲು ಆಗದ ಮಗುವಿಗೆ ಏನಾಗುತ್ತೆ ಅಂತ ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರಿದ್ದಾರೆ. ಅಲ್ಲಿನ ಕಪ್ಪು ಸಮುದಾಯದ ಮಕ್ಕಳಿಗಾಗಿ ಬೇಸಿಗೆಯಲ್ಲಿ ಉಚಿತವಾಗಿ ಓದು, ಗಣಿತ, ನಾಯಕತ್ವ ಕಲಿಸುವ ಕಾರ್ಯಕ್ರಮಗಳಿವೆ. ಇವುಗಳ ಬೇರು 1964ರವರೆಗೆ ಹೋಗುತ್ತದೆ. ನಮ್ಮ ಕ್ಲಬ್‌ನಲ್ಲಿ ಇದರ ಬಗ್ಗೆ ಓದಲು ಶುರು ಮಾಡಿದಾಗ ‘ಒಳ್ಳೇ ಸಮಾಜಸೇವೆ’ ಅಂದುಕೊಂಡಿದ್ದೆವು. ಓದುತ್ತಾ ಹೋದ ಹಾಗೆ ಬೇರೆಯೇ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಶಾಲೆಗಳಲ್ಲಿ ಪಾಠ ಮಾಡುವವರು ಬಹುಪಾಲು ನಮ್ಮ ವಯಸ್ಸಿನವರು!

ನಲ್ಲಿಯ ಲೆಕ್ಕ

ಮೊದಲು ಬೇಸಿಗೆಯೇ ಯಾಕೆ ಅಂತ ನೋಡೋಣ. ಅಮೆರಿಕದ ಶಾಲೆಗಳಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಸುಮಾರು ಎರಡೂವರೆ ತಿಂಗಳು ರಜೆ. 1982ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬಾಲ್ಟಿಮೋರ್ ನಗರದಲ್ಲಿ ಒಂದನೇ ತರಗತಿಯ ಸುಮಾರು 800 ಮಕ್ಕಳನ್ನು ಆರಿಸಿಕೊಂಡು, ಅವರು ದೊಡ್ಡವರಾಗುವವರೆಗೂ ಗಮನಿಸುತ್ತಾ ಹೋದರು. ಕಾರ್ಲ್ ಅಲೆಕ್ಸಾಂಡರ್, ಡೋರಿಸ್ ಎಂಟ್‌ವಿಸಲ್ ಮತ್ತು ಲಿಂಡಾ ಓಲ್ಸನ್ ಈ ಅಧ್ಯಯನ ನಡೆಸಿದವರು.

ಅವರಿಗೆ ಕಂಡದ್ದು ಇದು. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡವರ ಮಕ್ಕಳೂ ಅನುಕೂಲಸ್ಥರ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕಲಿಯುತ್ತಾರೆ. ರಜೆಯಲ್ಲಿ ಅನುಕೂಲಸ್ಥರ ಮಕ್ಕಳು ಓದಿನಲ್ಲಿ ಮುಂದೆ ಹೋಗುತ್ತಾರೆ, ಬಡ ಮಕ್ಕಳು ನಿಂತಲ್ಲೇ ನಿಲ್ಲುತ್ತಾರೆ. ಒಂದು ವರ್ಷದ ಅಂತರ ಚಿಕ್ಕದೇ ಇರಬಹುದು. ಆದರೆ ಅದು ಪ್ರತೀ ಬೇಸಿಗೆ ಸೇರುತ್ತಾ ಹೋಗುತ್ತದೆ, ಬ್ಯಾಕ್‌ಲಾಗ್ ಥರ. ಒಂಬತ್ತನೇ ತರಗತಿಯ ಹೊತ್ತಿಗೆ ಓದಿನಲ್ಲಿ ಕಾಣುವ ಅಂತರದ ಸುಮಾರು ಮೂರನೇ ಎರಡು ಭಾಗ ಪ್ರಾಥಮಿಕ ಶಾಲೆಯ ಬೇಸಿಗೆಗಳಲ್ಲೇ ಹುಟ್ಟಿದ್ದು ಅಂತ 2007ರಲ್ಲಿ ಅವರು ಬರೆದರು.

ಇದನ್ನು ವಿವರಿಸಲು ಅವರು ಕೊಟ್ಟ ಹೋಲಿಕೆ ನಲ್ಲಿಯದು. ಶಾಲೆ ತೆರೆದಿರುವಾಗ ನಲ್ಲಿ ಎಲ್ಲ ಮಕ್ಕಳಿಗೂ ತೆರೆದಿರುತ್ತದೆ. ಬೇಸಿಗೆಯಲ್ಲಿ ಅದು ಬಂದ್. ಮನೆಯಲ್ಲೇ ಸಂಪ್ ಇದ್ದವರಿಗೆ ಚಿಂತೆ ಇಲ್ಲ. ಇಲ್ಲದವರು ಏನು ಮಾಡಬೇಕು?

ಈ ಲೆಕ್ಕದ ಬಗ್ಗೆ ತಕರಾರೂ ಇದೆ. 2019ರಲ್ಲಿ ಪಾಲ್ ವಾನ್ ಹಿಪ್ಪೆಲ್ ಎಂಬ ಸಂಶೋಧಕರು, ಆ ಕಾಲದ ಪರೀಕ್ಷೆಗಳ ಅಂಕದ ಅಳತೆಗೋಲೇ ಸರಿ ಇರಲಿಲ್ಲ, ಹೊಸ ಪರೀಕ್ಷೆಗಳಲ್ಲಿ ಬೇಸಿಗೆಯ ಅಂತರ ಅಷ್ಟು ಸ್ಪಷ್ಟವಾಗಿ ಕಾಣಲ್ಲ ಅಂತ ತೋರಿಸಿದರು. ಲ್ಯಾಬ್‌ನಲ್ಲಿ ಕ್ಯಾಲಿಬ್ರೇಟ್ ಮಾಡದ ಮೀಟರ್ ಹಿಡಿದು ರೀಡಿಂಗ್ ತಗೊಂಡು ಬೈಸಿಕೊಂಡ ನಮಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಆದರೂ ಅವರೇ ಹೇಳುವ ಒಂದು ಮಾತಿದೆ: ಹಿಂದೆ ಬಿದ್ದ ಮಗುವಿಗೆ ಬೇಸಿಗೆ ಅಂದ್ರೆ ಮುಂದಿನವರನ್ನು ಹಿಡಿಯಲು ಸಿಗುವ ಸಮಯ. ಅಂತರ ಎಲ್ಲಿ ಹುಟ್ಟಿದರೂ ಸರಿ, ಅದನ್ನು ತುಂಬಲು ಜಾಗ ಸಿಗೋದು ರಜೆಯಲ್ಲೇ.

1964, ಮಿಸಿಸಿಪ್ಪಿ

ಈ ಅಧ್ಯಯನಗಳೆಲ್ಲ ಬರುವ ಮೊದಲೇ ಇಂಥ ಬೇಸಿಗೆ ಶಾಲೆಗಳು ಶುರುವಾಗಿದ್ದವು. ಜಾಗ, ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯ.

ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆ ಇರಕೂಡದು ಅಂತ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಹತ್ತು ವರ್ಷ ಆದರೂ ಮಿಸಿಸಿಪ್ಪಿಯಲ್ಲಿ ಏನೂ ಬದಲಾಗಿರಲಿಲ್ಲ. ಹತ್ತಿ ಬೆಳೆಯುವ ಪ್ರದೇಶದಲ್ಲಿ ಕಪ್ಪು ಮಕ್ಕಳ ಶಾಲೆಗಳು ಹತ್ತಿ ಬಿಡಿಸುವ ಕಾಲಕ್ಕೆ ಮುಚ್ಚುತ್ತಿದ್ದವು, ಮಕ್ಕಳು ಹೊಲಕ್ಕೆ ಹೋಗಲಿ ಅಂತ. ದೊಡ್ಡವರಿಗೆ ವೋಟು ಹಾಕುವ ಹಕ್ಕು ಕಾಗದದ ಮೇಲೆ ಇತ್ತು. ಹೆಸರು ನೋಂದಾಯಿಸಲು ಹೋದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಬರೆದು ಅದರ ಅರ್ಥ ವಿವರಿಸಬೇಕಿತ್ತು. ಉತ್ತರ ಸರಿಯೋ ತಪ್ಪೋ ಅಂತ ತೀರ್ಮಾನಿಸುವವನು ಅಲ್ಲಿ ಕುಳಿತ ಬಿಳಿಯ ಗುಮಾಸ್ತ. ಹೀಗಾಗಿ 1960ರ ದಶಕದ ಆರಂಭದಲ್ಲಿ ಅಲ್ಲಿನ ಅರ್ಹ ಕಪ್ಪು ಜನರಲ್ಲಿ ನೂರಕ್ಕೆ ಏಳು ಜನರ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ.

ವಿದ್ಯಾರ್ಥಿ ಚಳವಳಿಯಲ್ಲಿದ್ದ ಚಾರ್ಲ್ಸ್ ಕಾಬ್ ಎಂಬ ಯುವಕ 1963ರ ಕೊನೆಯಲ್ಲಿ ಒಂದು ಪ್ರಸ್ತಾಪ ಬರೆದ. ಬೇಸಿಗೆಯಲ್ಲಿ ನಾವೇ ಶಾಲೆ ನಡೆಸೋಣ, ಓದು ಬರಹ ಗಣಿತದ ಜೊತೆ ಕಪ್ಪು ಜನರ ಇತಿಹಾಸ, ಪೌರನ ಹಕ್ಕು ಕಲಿಸೋಣ, ಎಲ್ಲಕ್ಕಿಂತ ಮುಖ್ಯವಾಗಿ ಪ್ರಶ್ನೆ ಕೇಳೋದನ್ನು ಕಲಿಸೋಣ ಅಂತ. 1964ರ ಜುಲೈನಲ್ಲಿ ‘ಫ್ರೀಡಂ ಸ್ಕೂಲ್’ಗಳು ಶುರುವಾದವು. 40ಕ್ಕೂ ಹೆಚ್ಚು ಶಾಲೆ, 2,000ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಕಟ್ಟಡ ಅಂತ ಇರಲಿಲ್ಲ. ಚರ್ಚಿನ ನೆಲಮಾಳಿಗೆ, ಮನೆಯ ಜಗಲಿ, ಮರದ ನೆರಳು ಎಲ್ಲವೂ ಕ್ಲಾಸ್‌ರೂಮೇ. ಪಾಠ ಮಾಡಿದವರಲ್ಲಿ ಬಹಳ ಮಂದಿ ಉತ್ತರದ ರಾಜ್ಯಗಳಿಂದ ಬಂದ ಕಾಲೇಜು ವಿದ್ಯಾರ್ಥಿಗಳು.

ಅವರು ಇಟ್ಟ ಪಣ ಚಿಕ್ಕದಲ್ಲ. ಜೂನ್ 21ರ ರಾತ್ರಿ ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್, ಮೈಕೆಲ್ ಶ್ವೆರ್ನರ್ ಎಂಬ ಮೂವರು ಕಾರ್ಯಕರ್ತರನ್ನು ಕೊಂದು ಮಣ್ಣಿನ ಅಣೆಕಟ್ಟಿನಡಿ ಹೂಳಲಾಯಿತು. ಚೇನಿಗೆ 21 ವರ್ಷ, ಗುಡ್‌ಮನ್‌ಗೆ 20. ನಮ್ಮ ಸೀನಿಯರ್‌ಗಳ ವಯಸ್ಸು. ಶವಗಳು ಸಿಕ್ಕಿದ್ದು ಆಗಸ್ಟ್ 4ಕ್ಕೆ. ಅದಾದ ಕೆಲವೇ ದಿನಕ್ಕೆ, ಚೇನಿಯ ಊರಾದ ಮೆರಿಡಿಯನ್‌ನಲ್ಲೇ ಫ್ರೀಡಂ ಸ್ಕೂಲ್‌ಗಳ ವಿದ್ಯಾರ್ಥಿಗಳು ಸಮಾವೇಶ ಸೇರಿದರು. ಶಾಲೆ, ವಸತಿ, ಕೆಲಸ, ವೋಟು ಹೀಗೆ ಒಂದೊಂದರ ಬಗ್ಗೆ ತಮ್ಮ ಬೇಡಿಕೆಗಳನ್ನು ತಾವೇ ಚರ್ಚಿಸಿ, ಮತಕ್ಕೆ ಹಾಕಿ ನಿರ್ಣಯ ಮಾಡಿದರು. ವೋಟಿಲ್ಲದ ತಂದೆತಾಯಿಯರ ಮಕ್ಕಳು ಹೀಗೆ ವೋಟು ಹಾಕಿ ತೀರ್ಮಾನ ಮಾಡೋದನ್ನು ಕಲಿತರು. ಲೀಡರ್‌ಶಿಪ್ ಅಂದ್ರೆ ಪರ್ಸನಾಲಿಟಿ ಡೆವಲಪ್‌ಮೆಂಟ್ ಸೆಷನ್ ಅಂತಲೇ ಗೊತ್ತಿದ್ದ ನಾವು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

1965ರಲ್ಲಿ ಮತದಾನ ಹಕ್ಕು ಕಾಯ್ದೆ ಬಂದು ಆ ಪರೀಕ್ಷೆಗಳು ನಿಂತವು.

ಇವತ್ತಿನ ಫ್ರೀಡಂ ಸ್ಕೂಲ್

1960ರ ದಶಕದಲ್ಲೇ ಮಿಸಿಸಿಪ್ಪಿಯಲ್ಲಿ ವಕೀಲೆಯಾಗಿ ಕೆಲಸ ಮಾಡಿದ ಮರಿಯನ್ ರೈಟ್ ಎಡೆಲ್‌ಮನ್, 1973ರಲ್ಲಿ ‘ಚಿಲ್ಡ್ರನ್ಸ್ ಡಿಫೆನ್ಸ್ ಫಂಡ್’ ಎಂಬ ಸಂಸ್ಥೆ ಕಟ್ಟಿದರು. 1990ರ ದಶಕದಲ್ಲಿ ಅದೇ ಸಂಸ್ಥೆ ಫ್ರೀಡಂ ಸ್ಕೂಲ್‌ಗಳಿಗೆ ಮತ್ತೆ ಜೀವ ಕೊಟ್ಟಿತು. ಈವರೆಗೆ ಲಕ್ಷಕ್ಕೂ ಹೆಚ್ಚು ಮಕ್ಕಳು ಇಲ್ಲಿ ಕಲಿತಿದ್ದಾರೆ.

ಸಾಮಾನ್ಯವಾಗಿ ಆರು ವಾರ. ಪೋಷಕರು ಫೀಸ್ ಕಟ್ಟಬೇಕಿಲ್ಲ. ಊರಿನ ಚರ್ಚೋ ಶಾಲೆಯೋ ವಿಶ್ವವಿದ್ಯಾಲಯವೋ ಜಾಗ ಮತ್ತು ಹಣ ಹೊಂದಿಸುತ್ತವೆ. ಬೆಳಿಗ್ಗೆ ತಿಂಡಿ ಆದ ಮೇಲೆ ‘ಹರಾಂಬೆ’. ಸ್ವಾಹಿಲಿ ಭಾಷೆಯಲ್ಲಿ ಹಾಗಂದ್ರೆ ಎಲ್ಲರೂ ಸೇರಿ ಎಳೆಯೋಣ ಅಂತ. ಅರ್ಧ ಗಂಟೆ ಹಾಡು, ಘೋಷಣೆ, ಕುಣಿತ. ಊರಿನವರೊಬ್ಬರು ಬಂದು ಮಕ್ಕಳಿಗೆ ಪುಸ್ತಕ ಓದಿ ಹೇಳುತ್ತಾರೆ. ಆಮೇಲೆ ಓದಿನ ಪಾಠ. ಓದುವ ಪುಸ್ತಕಗಳಲ್ಲಿ ತಮ್ಮ ಹಾಗೇ ಕಾಣುವ ಮಕ್ಕಳ ಕಥೆಗಳಿರುತ್ತವೆ. ಆ ಪುಸ್ತಕಗಳನ್ನು ಮನೆಗೂ ಒಯ್ಯಬಹುದು. ಮಧ್ಯಾಹ್ನ ಕಲೆ, ವಿಜ್ಞಾನ, ಆಟ. ಜುಲೈನಲ್ಲಿ ಒಂದು ದಿನ ಮಕ್ಕಳೇ ಊರಿನ ಯಾವುದಾದರೂ ಸಮಸ್ಯೆ ಹಿಡಿದು ದನಿ ಎತ್ತುತ್ತಾರೆ.

ಹತ್ತು ಮಕ್ಕಳಿಗೆ ಒಬ್ಬ ಇಂಟರ್ನ್. ಬಹುಪಾಲು ಕಾಲೇಜು ವಿದ್ಯಾರ್ಥಿಗಳೇ. ಮೊದಲು ತರಬೇತಿ, ಆಮೇಲೆ ಕೆಲಸಕ್ಕೆ ಸ್ಟೈಪೆಂಡ್. ಉಚಿತ ಅಂದ್ರೆ ಮಕ್ಕಳಿಗೆ ಉಚಿತ, ಪಾಠ ಮಾಡುವವರಿಂದ ಬಿಟ್ಟಿ ಕೆಲಸ ಮಾಡಿಸೋದಲ್ಲ. ಬೇಸಿಗೆಯಲ್ಲಿ ದುಡಿದು ಮುಂದಿನ ಸೆಮಿಸ್ಟರ್ ಫೀಸ್ ಹೊಂದಿಸಬೇಕಾದ ಬಡ ವಿದ್ಯಾರ್ಥಿಯೂ ಇಂಟರ್ನ್ ಆಗಲು ಸಾಧ್ಯವಾಗೋದು ಇದರಿಂದ.

ಮೈನಸ್ ಯಾಕೆ ಬರುತ್ತೆ?

1964ರ ಬೇಸಿಗೆಯನ್ನು ಮುನ್ನಡೆಸಿದವರಲ್ಲಿ ಒಬ್ಬರು ಬಾಬ್ ಮೋಸಸ್. ಮೂಲತಃ ಗಣಿತದ ಮೇಷ್ಟ್ರು. ನಂತರ ಟಾಂಜಾನಿಯಾದಲ್ಲೂ ಕೆಲವು ವರ್ಷ ಗಣಿತ ಕಲಿಸಿ, 1980ರ ದಶಕದಲ್ಲಿ ಮಗಳ ಶಾಲೆಯಿಂದಲೇ ‘ಆಲ್ಜೀಬ್ರಾ ಪ್ರಾಜೆಕ್ಟ್’ ಶುರು ಮಾಡಿದರು. ಅವರ ವಾದ ಸರಳ: ಅಂದು ಓದು ಬರಹ ಬಾರದವನನ್ನು ವೋಟಿನಿಂದ ಹೊರಗಿಟ್ಟರು, ಇಂದು ಬೀಜಗಣಿತ ಬಾರದವನು ಒಳ್ಳೆಯ ಕೆಲಸ, ಕಾಲೇಜು ಎರಡರಿಂದಲೂ ಹೊರಗುಳಿಯುತ್ತಾನೆ. ಹಾಗಾಗಿ ಬೀಜಗಣಿತವೂ ಒಂದು ನಾಗರಿಕ ಹಕ್ಕು.

ಅವರ ಪಾಠ ಶುರುವಾಗುತ್ತಿದ್ದದ್ದು ರೈಲಿನಲ್ಲಿ. ಮಕ್ಕಳನ್ನು ಬಾಸ್ಟನ್‌ನ ಸಬ್‌ವೇಗೆ ಕರೆದೊಯ್ದು, ಆಮೇಲೆ ಚಿತ್ರ ಬರೆಸಿ, ತಮ್ಮ ಮಾತಿನಲ್ಲೇ ಪ್ರಯಾಣದ ಬಗ್ಗೆ ಹೇಳಿಸಿ, ಕೊನೆಗೆ ಚಿಹ್ನೆಗಳಿಗೆ ಬರುತ್ತಿದ್ದರು. ನಮ್ಮ ಮೆಟ್ರೋದಲ್ಲಿ ಇದನ್ನು ಮಾಡಿ ನೋಡಿ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ ಸೊನ್ನೆ ಅಂತಿಟ್ಟುಕೊಳ್ಳಿ. ಪೂರ್ವಕ್ಕೆ ನಾಲ್ಕನೇ ಸ್ಟೇಷನ್ ಎಂ.ಜಿ. ರೋಡ್, ಅದು +4. ಪಶ್ಚಿಮಕ್ಕೆ ನಾಲ್ಕನೆಯದು ವಿಜಯನಗರ, ಅದು −4. ಎಂ.ಜಿ. ರೋಡ್‌ನಿಂದ ವಿಜಯನಗರಕ್ಕೆ ಹೋದರೆ ಬದಲಾವಣೆ ಎಷ್ಟು? ಮುಟ್ಟಿದ ಜಾಗದಿಂದ ಹೊರಟ ಜಾಗ ಕಳೆಯಿರಿ: −4 − 4 = −8. ಎಂಟು ಸ್ಟೇಷನ್, ಪಶ್ಚಿಮದ ಕಡೆ. ಚಿಕ್ಕ ಮಗು ಸಂಖ್ಯೆಗೆ ‘ಎಷ್ಟು’ ಅಂತ ಮಾತ್ರ ಕೇಳುತ್ತೆ. ಬೀಜಗಣಿತಕ್ಕೆ ‘ಯಾವ ಕಡೆ’ ಅನ್ನೋದೂ ಬೇಕು. ಮಕ್ಕಳು ಎಡವುವುದು ಇಲ್ಲೇ ಅಂತ ಮೋಸಸ್ ಕಂಡುಕೊಂಡಿದ್ದರು.

ಈ ಪ್ರಾಜೆಕ್ಟ್‌ನಲ್ಲಿ ಬೆಳೆದ ಹುಡುಗ ಹುಡುಗಿಯರೇ 1996ರಲ್ಲಿ ‘ಯಂಗ್ ಪೀಪಲ್ಸ್ ಪ್ರಾಜೆಕ್ಟ್’ ಕಟ್ಟಿದರು. ಇಲ್ಲಿ ಕಾಲೇಜಿನವರು ಹೈಸ್ಕೂಲಿನವರಿಗೆ, ಹೈಸ್ಕೂಲಿನವರು ಇನ್ನೂ ಚಿಕ್ಕವರಿಗೆ ಗಣಿತ ಕಲಿಸುತ್ತಾರೆ. ಅವರ ‘ಫ್ಲಾಗ್‌ವೇ’ ಆಟದಲ್ಲಿ ಮಕ್ಕಳು ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆದು, ಅದಕ್ಕೆ ತಕ್ಕ ದಾರಿಯಲ್ಲಿ ಓಡಬೇಕು. 12 ಅಂದ್ರೆ 2×2×3, ಎರಡು ಮತ್ತೆ ಬಂತು, ಒಂದು ಗುಂಪು. 6 ಅಂದ್ರೆ 2×3, ಬೇರೆ ಬೇರೆ ಎರಡು, ಇನ್ನೊಂದು ಗುಂಪು. 30 ಅಂದ್ರೆ 2×3×5, ಬೇರೆ ಬೇರೆ ಮೂರು, ಮತ್ತೊಂದು ಗುಂಪು. ಮೋಬಿಯಸ್ ಫಂಕ್ಷನ್ ಅಂತ ಹೆಸರು ಹೇಳಿದರೆ ನಾವೇ ಹೆದರುತ್ತೇವೆ. ಅವರು ಅದರ ಮೇಲೆ ಓಡಾಡುತ್ತಾರೆ!

ನಮ್ಮ ಬ್ರಾಂಚಿನವರೂ ಇದ್ದಾರೆ

1970ರ ದಶಕದ ಆರಂಭದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೇರಿದ ಕಪ್ಪು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಉಳಿದವರು ಒಬ್ಬರಿಗೊಬ್ಬರು ಆಸರೆಯಾಗಲು ಸಂಘ ಕಟ್ಟಿಕೊಂಡರು. 1975ರಲ್ಲಿ ಅದು ಕಪ್ಪು ಎಂಜಿನಿಯರ್‌ಗಳ ರಾಷ್ಟ್ರೀಯ ಸಂಘವಾಯಿತು. ಇವತ್ತಿಗೂ ಅದನ್ನು ನಡೆಸುವವರು ವಿದ್ಯಾರ್ಥಿಗಳೇ. 2007ರಿಂದ ಅವರು ‘ಸೀಕ್’ ಎಂಬ ಉಚಿತ ಬೇಸಿಗೆ ಶಿಬಿರ ನಡೆಸುತ್ತಿದ್ದಾರೆ. 3ರಿಂದ 5ನೇ ತರಗತಿಯ ಮಕ್ಕಳು ಕೆಲವು ವಾರ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಕೂತು ಆಟದ ಕಾರು, ಗ್ಲೈಡರ್ ಥರದವನ್ನು ಕೈಯಾರೆ ಮಾಡಿ, ಪರೀಕ್ಷಿಸಿ, ತಿದ್ದುತ್ತಾರೆ. ಎಂಜಿನಿಯರ್ ಅಂದ್ರೆ ತನ್ನ ಹಾಗೇ ಕಾಣುವ ಒಬ್ಬ ಅಕ್ಕನೋ ಅಣ್ಣನೋ ಅಂತ ಒಂಬತ್ತು ವರ್ಷದ ಮಗುವಿಗೆ ಅಲ್ಲಿ ಗೊತ್ತಾಗುತ್ತದೆ.

ಆರು ವಾರದ ಶಿಬಿರದಿಂದ ವರ್ಷಪೂರ್ತಿ ಸೊರಗಿದ ಶಾಲೆ ಸರಿಹೋಗಲ್ಲ. ಹಣ ನಿಂತ ವರ್ಷ ಶಿಬಿರವೂ ನಿಲ್ಲುತ್ತದೆ. ಇದನ್ನೂ ಒಪ್ಪಿಕೊಳ್ಳಬೇಕು.

ಕೊನೆಗೆ ನಮ್ಮ ವಿಷಯ. ಆಕ್ಟಿವಿಟಿ ಪಾಯಿಂಟ್ಸ್‌ಗೋಸ್ಕರ ನಾವು ಹತ್ತಿರದ ಒಂದು ಶಾಲೆಗೆ ಹೋಗಿದ್ದೆವು. ಒಂದು ಗಂಟೆ ಸ್ಲೈಡ್ ತೋರಿಸಿ, ಅರ್ಧಕ್ಕರ್ಧ ಇಂಗ್ಲಿಷ್‌ನಲ್ಲಿ ಮಾತಾಡಿ, ಗ್ರೂಪ್ ಫೋಟೋ ತೆಗೆಸಿಕೊಂಡು ವಾಪಸ್ ಬಂದೆವು. ಹೊರಡುವಾಗ ಒಬ್ಬಳು ಹುಡುಗಿ “ಅಕ್ಕಾ, ನಾಳೆ ಎಷ್ಟು ಗಂಟೆಗೆ ಬರ್ತೀರಾ?” ಅಂತ ಕೇಳಿದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವರ ಬೇಸಿಗೆ ರಜೆಯಲ್ಲಿ ನಮಗೆ ಇಂಟರ್ನಲ್ಸ್ ಇರುತ್ತೆ, ನಿಜ. ಆದರೆ ದಸರಾ ರಜೆ ಇದೆ. ಹತ್ತು ಮಕ್ಕಳಿಗೆ ನಮ್ಮಲ್ಲೊಬ್ಬರು, ಒಂದು ವಾರ, ದಿನಾ ಒಂದೇ ಹೊತ್ತಿಗೆ, ಸ್ಲೈಡ್ ಇಲ್ಲದೆ, ಕನ್ನಡದಲ್ಲಿ. ಮೈನಸ್‌ನಿಂದಲೇ ಶುರು ಮಾಡೋಣ ಅಂತಿದ್ದೇವೆ. ಬರುವವರು ಕ್ಲಬ್ ರೂಮಿನಲ್ಲಿ ಹೆಸರು ಕೊಡಿ.