ಮಕ್ಕಳ ಉಡುಪೂ ನಾಡಿನ ಮಾನವೂ

ನಾಡಿನ ಚರಿತ್ರೆಯನ್ನು ಬರೆಯುವವರು ಅರಸರ ಕಿರೀಟಗಳನ್ನು ಕುರಿತು ಬರೆದಷ್ಟನ್ನು ಅಲ್ಲಿಯ ಮಕ್ಕಳ ಅಂಗಿಗಳನ್ನು ಕುರಿತು ಬರೆದುದಿಲ್ಲ. ಆದರೆ ಜನಸಾಮಾನ್ಯರ ಸ್ಥಿತಿಗತಿಗಳನ್ನು ಯಥಾರ್ಥವಾಗಿ ಅರಿಯಬೇಕೆನ್ನುವವರಿಗೆ ಕಿರೀಟಕ್ಕಿಂತ ಅಂಗಿಯೇ ಬಲವಾದ ಸಾಕ್ಷಿ. ಕಡೂರು, ತರೀಕೆರೆ, ಅಜ್ಜಂಪುರಗಳ ವೃದ್ಧರೊಡನೆ ಅವರ ಬಾಲ್ಯದ ಉಡುಪಿನ ಮಾತೆತ್ತಿದರೆ ಮೊದಲು ನಗು ಬರುತ್ತದೆ. ಆಮೇಲೆ ಸ್ವಲ್ಪ ಹೊತ್ತು ಮೌನವುಂಟಾಗುತ್ತದೆ. ನಗುವಿಗೆ ಕಾರಣ ಸ್ಪಷ್ಟವಾಗಿದೆ. ಮೊಣಕಾಲು ದಾಟಿದ ಚಡ್ಡಿ, ಬೆರಳುಗಳನ್ನು ಮುಚ್ಚಿದ ತೋಳು, ಲಾಡಿ ಕಿತ್ತುಹೋದ ಚೊಣ್ಣ, ಇವುಗಳನ್ನು ನೆನೆದು ನಗದಿರುವವರಾರು? ಮೌನಕ್ಕೆ ಕಾರಣವೇನೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ಮೂರು ಊರುಗಳು ಒಂದಕ್ಕೊಂದು ಸಮೀಪದಲ್ಲಿದ್ದರೂ ಅವುಗಳ ನೆಲವೂ ಹವೆಯೂ ಒಂದೇ ಬಗೆಯವಲ್ಲ. ಕಡೂರು ಮಳೆ ಕಡಿಮೆಯಾದ ಬಯಲುಸೀಮೆ. ತರೀಕೆರೆಯು ಬಾಬಾಬುಡನ್ ಗಿರಿಶ್ರೇಣಿಯ ತಪ್ಪಲಿಗೆ ಹತ್ತಿಕೊಂಡಿರುವ ಅರೆಮಲೆನಾಡು. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಅಜ್ಜಂಪುರದ ಸುತ್ತ ಹತ್ತಿಗೆ ಹೇಳಿಸಿದ ಎರೆಭೂಮಿಯುಂಟು. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. ನೆಲದ ಈ ಭೇದವು ಮಕ್ಕಳ ಮೈಮೇಲೆಯೂ ಕಾಣುತ್ತಿದ್ದಿತು. ಬಯಲಿನ ಮಗುವಿಗೆ ಬೇಸಗೆಯಲ್ಲಿ ಮೊಳದಗಲದ ಅರಿವೆ ಸಾಕಾಗುತ್ತಿದ್ದರೆ, ಆಷಾಢದ ಗಾಳಿಯೂ ಜಡಿಮಳೆಯೂ ಹೊಡೆಯುವ ತಪ್ಪಲಿನ ಮಗುವಿಗೆ ಕಂಬಳಿಯಿಲ್ಲದೆ ಶಾಲೆಯ ದಾರಿ ಸಾಗುತ್ತಿರಲಿಲ್ಲ.

ಆ ಕಂಬಳಿಯು ಪರಸ್ಥಳದ ಪದಾರ್ಥವಾಗಿರಲಿಲ್ಲ. ಕುರುಬರು ತಮ್ಮ ಕುರಿಗಳ ಉಣ್ಣೆಯನ್ನು ಕತ್ತರಿಸಿ, ಮನೆಯ ಹೆಂಗಸರು ಅದನ್ನು ನೂತು, ಹುಣಿಸೆಬೀಜದ ಗಂಜಿ ಕೊಟ್ಟು ಬಿಗಿಮಾಡಿದ ನೂಲಿನಿಂದ ಕುಣಿಮಗ್ಗದಲ್ಲಿ ನೇಯ್ದ ಕರಿಯ ಕಂಬಳಿಯದು. ಮೂಲೆಯನ್ನು ಒಳಕ್ಕೆ ಮಡಿಸಿ ತಲೆಗೆ ಹಾಕಿಕೊಂಡರೆ ಅದೇ ಕೊಪ್ಪೆ. ರಾತ್ರಿ ಹಾಸಿದರೆ ಹಾಸಿಗೆ, ಹೊದೆದರೆ ಹೊದಿಕೆ. ಮಳೆಯಲ್ಲಿ ನೆನೆದ ಕಂಬಳಿಗಳ ವಾಸನೆಯು ಶಾಲೆಯ ಕೊಠಡಿಯನ್ನೆಲ್ಲ ತುಂಬಿಕೊಳ್ಳುತ್ತಿದ್ದುದನ್ನು ಆ ಕಾಲದಲ್ಲಿ ಓದಿದವರು ಮರೆಯುವಂತಿಲ್ಲ.

ಕೂಸಿನ ಮೊದಲ ಉಡುಪು ಹೊಸ ಬಟ್ಟೆಯದಾಗಿರುತ್ತಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ತಾಯಿಯ ಅಥವಾ ಅಜ್ಜಿಯ ಹಳೆಯ ಸೀರೆಯು ಒಗೆದೊಗೆದು ಮೆತ್ತಗಾಗಿರುವುದರಿಂದ ಎಳೆಯ ಮೈಗೆ ಅದೇ ಹಿತವೆಂದು ನಂಬುಗೆಯಿದ್ದಿತು. ಅಂತಹ ಒಂದು ಸೀರೆಯ ಆಯುಷ್ಯವನ್ನು ನೋಡಿರಿ. ಉಟ್ಟು ಸವೆದ ಬಳಿಕ ಅದರ ಗಟ್ಟಿಯಾದ ಭಾಗವು ಮಗಳ ಲಂಗವಾಗುತ್ತಿತ್ತು. ಸೆರಗು ರವಿಕೆಯೋ ಕುಲಾವಿಯೋ ಆಗುತ್ತಿತ್ತು. ಉಳಿದುದು ಕೂಸಿನ ಜೋಲಿಯಾಗುತ್ತಿತ್ತು. ಹರಿದ ತುಂಡುಗಳು ಕೌದಿಯ ಒಳಪದರಗಳಾಗುತ್ತಿದ್ದವು. ಕಟ್ಟಕಡೆಗೆ ಮಸಿಯರಿವೆಯಾಗಿ ಒಲೆಯ ಬಳಿಯಲ್ಲಿ ಅದರ ಋಣ ತೀರುತ್ತಿತ್ತು. ಇನ್ನು ನಡೆದಾಡುವ ಗಂಡುಮಗುವಿಗೆ ಉಡಿದಾರ. ಉಳ್ಳವರ ಮನೆಯಲ್ಲಿ ಅದು ಬೆಳ್ಳಿಯದು, ಇಲ್ಲದವರ ಮನೆಯಲ್ಲಿ ಕರಿಯ ನೂಲಿನದು. ಎಷ್ಟೋ ಮಕ್ಕಳಿಗೆ ಶಾಲೆ ಸೇರುವವರೆಗೂ ಅದೇ ಸಕಲಾಭರಣವೂ ಅದೇ ಸಕಲವಸ್ತ್ರವೂ ಆಗಿದ್ದಿತು.

ಶಾಲೆ ಸೇರುವಾಗ ಅಂಗಿ, ಚಡ್ಡಿ, ತಲೆಗೊಂದು ಟೋಪಿ. ಬರಿದಲೆಯಲ್ಲಿ ಗುರುಗಳೆದುರು ನಿಲ್ಲುವುದು ಮರ್ಯಾದೆಯಲ್ಲವೆಂದು ಭಾವಿಸಿದ್ದ ಕಾಲವದು. ಹೊಸ ಬಟ್ಟೆಯೆಂದರೆ ಯುಗಾದಿಗೋ ದೀಪಾವಳಿಗೋ ವರ್ಷಕ್ಕೊಮ್ಮೆ. ಒಂದೇ ತಾನಿನಿಂದ ನಾಲ್ಕಾರು ಗಜ ಹರಿಸಿ ತಂದು ಅಣ್ಣತಮ್ಮಂದಿರಿಗೆಲ್ಲ ಒಂದೇ ಬಣ್ಣದ ಅಂಗಿ ಹೊಲಿಸುತ್ತಿದ್ದುದರಿಂದ, ಹಬ್ಬದ ದಿನ ಬೀದಿಯಲ್ಲಿ ಯಾವ ಮಗು ಯಾರ ಮನೆಯದೆಂದು ಕೇಳಬೇಕಾಗಿರಲಿಲ್ಲ. ಜಗಲಿಯ ಮೇಲೆ ಯಂತ್ರವಿಟ್ಟುಕೊಂಡು ಕುಳಿತ ದರ್ಜಿಗೆ ಹಿರಿಯರು ಹೇಳುತ್ತಿದ್ದ ಮಾತು ಒಂದೇ: “ಬೆಳೆಯೋ ಹುಡುಗ, ಸ್ವಲ್ಪ ಸಡಿಲವಾಗಿಯೇ ಹೊಲಿಯಪ್ಪ.” ಹುಡುಗಿಯರ ಲಂಗದಲ್ಲಿ ಎರಡು ಮೂರು ಒಳಮಡಿಕೆಗಳನ್ನಿರಿಸಿ ವರ್ಷಕ್ಕೊಂದರಂತೆ ಬಿಚ್ಚುತ್ತಿದ್ದರು. ಬಿಸಿಲು ಕಾಣದೆ ಬಣ್ಣ ಉಳಿಸಿಕೊಂಡ ಆ ಪಟ್ಟಿಗಳನ್ನೆಣಿಸಿದರೆ ಹುಡುಗಿ ಎಷ್ಟು ವರ್ಷ ಆ ಲಂಗವನ್ನುಟ್ಟಳೆಂಬ ಲೆಕ್ಕ ಸಿಕ್ಕುತ್ತಿತ್ತು.

ಆದರೆ ಈ ಅರಿವೆ ಎಲ್ಲಿಂದ ಬರುತ್ತಿತ್ತು? 1880ರ ದಶಕದ ಕೊನೆಗೆ ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲುದಾರಿಯು ಕಡೂರು, ಬೀರೂರು, ಅಜ್ಜಂಪುರಗಳನ್ನು ಮುಟ್ಟಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲುದಾರಿಯಾಯಿತು. ಎರೆನೆಲದ ಹತ್ತಿ ಹೊರಗೆ ಹೋಗುವುದಕ್ಕೂ, ಗಿರಣಿಯ ತಾನುಗಳು ಒಳಗೆ ಬರುವುದಕ್ಕೂ ಬಾಗಿಲು ತೆರೆಯಿತು. ಮೊದಲು ಮ್ಯಾಂಚೆಸ್ಟರಿನ ಬಟ್ಟೆ, ಅನಂತರ ಮುಂಬಯಿ, ಬೆಂಗಳೂರು, ದಾವಣಗೆರೆಗಳ ಗಿರಣಿಬಟ್ಟೆ ಸಂತೆಯನ್ನು ತುಂಬಿದವು. ಹತ್ತಿ ಬೆಳೆದವನ ಮಗನೇ ಪರದೇಶದಲ್ಲಿ ನೇಯ್ದ ಚೀಟಿಬಟ್ಟೆಯನ್ನು ಕೊಂಡು ತೊಡಬೇಕಾಯಿತು. ಮಹಾತ್ಮರು ಚರಕವನ್ನು ನಾಡಿನ ಮುಂದಿಟ್ಟುದು ಈ ವಿಪರ್ಯಾಸವನ್ನು ಕಂಡೇ. 1927ರಲ್ಲಿ ಅವರು ಮೈಸೂರು ಸಂಸ್ಥಾನದಲ್ಲಿ ಸಂಚರಿಸಿದರು. ಅದೇ ವರ್ಷ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಖಾದಿ ಕೇಂದ್ರವು ಆರಂಭವಾಯಿತು. ಬಿಳಿಯ ಟೋಪಿಯೊಂದಕ್ಕೆ ಎಂತಹ ಅರ್ಥ ಬಂದಿತೆಂಬುದನ್ನು ನೆರೆಯ ಶಿವಮೊಗ್ಗ ಜಿಲ್ಲೆಯ ಈಸೂರು 1942ರಲ್ಲಿ ತೋರಿಸಿತು. ಊರೊಳಕ್ಕೆ ಬರುವ ಅಧಿಕಾರಿಗಳು ಗಾಂಧಿ ಟೋಪಿಯನ್ನು ಧರಿಸಿ ಬರಬೇಕೆಂಬುದು ಅಲ್ಲಿಯ ಜನರ ನಿರ್ಧಾರವಾಗಿದ್ದಿತು. ಮುಂದಿನ ವರ್ಷ ಆ ಊರಿನ ಐವರು ಗಲ್ಲಿಗೇರಿದರು.

ಅದೇ ಕಾಲದಲ್ಲಿ ಮಹಾಯುದ್ಧವು ಬಟ್ಟೆಯ ಬರವನ್ನು ತಂದಿತು. ಗಿರಣಿಗಳು ಸೈನ್ಯಕ್ಕಾಗಿ ನೇಯತೊಡಗಿದವು. ಅಂಗಡಿಗಳಲ್ಲಿ ಬೆಲೆ ಏರಿತು. 1943ರಲ್ಲಿ ಭಾರತ ಸರ್ಕಾರವು ಹತ್ತಿಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣವನ್ನು ಹೇರಿತು. ಇಂಗ್ಲೆಂಡಿನಲ್ಲಿಯೂ 1941ರಿಂದ 1949ರವರೆಗೆ ಬಟ್ಟೆಗೆ ಕೂಪನ್ ಇದ್ದಿತೆಂಬುದು ನಿಜ. ಆದರೆ ಅಲ್ಲಿ ಬೀರುವಿನಲ್ಲಿದ್ದ ಹಳೆಯ ಉಡುಪನ್ನು ರಿಪೇರಿಮಾಡಿಕೊಳ್ಳಿರೆಂದು ಜನರಿಗೆ ಬೋಧಿಸಿದರು. ಇಲ್ಲಿ ಬಡವರಿಗೆ ಬೀರುವೂ ಇರಲಿಲ್ಲ, ಅದರಲ್ಲಿಡುವ ಉಡುಪೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1948ರ ಜನವರಿಯಲ್ಲಿ ನಿಯಂತ್ರಣವನ್ನು ತೆಗೆದರು; ಬೆಲೆ ಮೇಲೇರಿದುದರಿಂದ ಅದೇ ವರ್ಷ ಮತ್ತೆ ಹೇರಬೇಕಾಯಿತು.

ಮೌನದ ಕಾರಣಕ್ಕೆ ನಾವು ಈಗ ಬಂದೆವು. ಬಾಲ್ಯದ ನೆನಪು ಎಲ್ಲರಿಗೂ ಒಂದೇ ಅಲ್ಲ. ಹಬ್ಬಕ್ಕೊಂದು ಹೊಸ ಅಂಗಿ ಕಂಡ ಮಗುವಿನ ನೆನಪು ಒಂದು. ಇನ್ನೊಬ್ಬರ ಮನೆಯ ಮಕ್ಕಳು ತೊಟ್ಟು ಬಿಸುಟ ಹರಕನ್ನೇ ಹೊಸದೆಂದು ತೊಟ್ಟ ಮಗುವಿನ ನೆನಪು ಮತ್ತೊಂದು. ಊರ ಹೊರಗಿನ ಕೇರಿಯ ಮಕ್ಕಳಿಗೆ ನೆಟ್ಟಗಿನ ಬಟ್ಟೆ ತೊಡುವುದೇ ಉದ್ಧಟತನವೆಂದು ಗದರಿಸುತ್ತಿದ್ದ ದಿನಗಳೂ ಈ ದೇಶದಲ್ಲಿದ್ದವು. ಕೂಲಿಯವರ ಮನೆಗಳಲ್ಲಿ ಇದ್ದ ಒಂದೇ ಅಂಗಿಯನ್ನು ಒಗೆದು ಹಾಕಿ, ಅದು ಒಣಗುವವರೆಗೆ ಬಾಗಿಲ ಹಿಂದೆ ಕುಳಿತಿದ್ದ ಮಕ್ಕಳೆಷ್ಟು ಮಂದಿ! ಮಳೆಗಾಲದಲ್ಲಿ ಅಂಗಿ ಒಣಗದಿದ್ದರೆ ಆ ದಿನ ಶಾಲೆಯಿಲ್ಲ. ಬಡತನವನ್ನು ಸರಳಜೀವನವೆಂದು ಹೊಗಳುವ ಲೇಖಕರು ಈ ಮಕ್ಕಳನ್ನು ಮರೆತಿರುತ್ತಾರೆ. ತೇಪೆಯನ್ನು ಹಾಕಿದ ಕೈಯ ಜಾಣತನಕ್ಕೆ ನಾವು ನಮಸ್ಕರಿಸುತ್ತೇವೆ. ತೇಪೆಯನ್ನು ಅನಿವಾರ್ಯಮಾಡಿದ ದಾರಿದ್ರ್ಯಕ್ಕೆ ನಮಸ್ಕರಿಸಲಾರೆವು.

ಸ್ವತಂತ್ರ ಭಾರತವು ಈ ಕೊರತೆಯನ್ನು ಕಾಣದೆ ಇರಲಿಲ್ಲ. 1964ರಿಂದ ಗಿರಣಿಗಳು ಒಂದು ಪ್ರಮಾಣದ ಅಗ್ಗದ ಬಟ್ಟೆಯನ್ನು ನೇಯಲೇಬೇಕೆಂಬ ನಿಬಂಧನೆಯಾಯಿತು. 1976ರಲ್ಲಿ ಕೈಮಗ್ಗದವರಿಗೂ ಕೆಲಸ ಸಿಕ್ಕಲೆಂದು ಜನತಾ ಬಟ್ಟೆಯ ಯೋಜನೆ ಬಂದಿತು. ಅಷ್ಟರಲ್ಲಿ ಟೆರಿಲಿನ್, ಟೆರಿಕಾಟ್, ನೈಲಾನ್‌ಗಳು ಕಡೂರಿನ ಅಂಗಡಿಬೀದಿಗೂ ಬಂದಿದ್ದವು. ಬೇಗ ಒಣಗುವ, ಇಸ್ತ್ರಿ ಬೇಡದ, ಹರಿಯದ ಬಟ್ಟೆಯೆಂದು ತಾಯಂದಿರು ಅದನ್ನು ಮೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ. ಬೇಸಗೆಯಲ್ಲಿ ಮೈಗೆ ಅಂಟಿಕೊಂಡು ಬೆವರಿಳಿಸಿದರೂ ಮಕ್ಕಳು ಅದರ ಹೊಳಪಿಗೆ ಮರುಳಾದರು. ಇಂದು ಅಂಗಡಿಗಳಲ್ಲಿ ತಿರುಪ್ಪೂರಿನ ಹೆಣಿಗೆಯ ಬನೀನೂ ಬಳ್ಳಾರಿಯ ಜೀನ್ಸೂ ರಾಶಿಯಾಗಿವೆ. ಅಳತೆ ಕೊಡುವ ಕೆಲಸವಿಲ್ಲ, ಸಡಿಲವಾಗಿ ಹೊಲಿಯಪ್ಪ ಎನ್ನುವ ಮಾತಿಗೆ ಎಡೆಯಿಲ್ಲ. ಜಗಲಿಯ ದರ್ಜಿಗೆ ಹರಿದುದನ್ನು ಸರಿಪಡಿಸುವ ಕೆಲಸವೇ ಹೆಚ್ಚಾಗಿ ಉಳಿದಿದೆ.

ಹಾಗಾದರೆ ಬಟ್ಟೆಯ ಬರವು ತೀರಿತೆ? ತೀರಿತೆಂದು ಹೇಳುವಂತಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತ ಸಮವಸ್ತ್ರವನ್ನು ಕೊಡುವುದು ನಮ್ಮ ರಾಜ್ಯವು ಕೈಕೊಂಡ ಒಳ್ಳೆಯ ಕಾರ್ಯಗಳಲ್ಲೊಂದು. ಉಳ್ಳವನ ಮಗು, ಇಲ್ಲದವನ ಮಗು ಎಂಬ ಭೇದವನ್ನು ಕಣ್ಣಿನಿಂದಲಾದರೂ ಅಳಿಸುವ ಉಪಾಯವದು. ಆದರೂ ಎರಡನೆಯ ಜೊತೆ ಸಮವಸ್ತ್ರವನ್ನೂ ಪಾದರಕ್ಷೆಗಳನ್ನೂ ಕೊಡಬೇಕೆಂದು 2019ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಆದೇಶಿಸಬೇಕಾಯಿತು. ಆದೇಶವು ಸರಿಯಾಗಿ ಪಾಲನೆಯಾಗಲಿಲ್ಲವೆಂದು 2023ರಲ್ಲಿ ಮತ್ತೆ ಕಟುವಾಗಿ ನುಡಿಯಬೇಕಾಯಿತು. ಎರಡನೆಯ ಜೊತೆಯೆಂದರೆ ಆಡಂಬರವೆಂದು ಯಾವ ಅಧಿಕಾರಿಯೂ ಎಣಿಸಕೂಡದು. ಒಂದು ಅಂಗಿ ಒಣಗುವವರೆಗೆ ಬಾಗಿಲ ಹಿಂದೆ ಕುಳಿತಿದ್ದ ಮಗುವಿಗೆ ಈ ನಾಡು ಕೊಡಬೇಕಾಗಿದ್ದ ಉತ್ತರವೇ ಆ ಎರಡನೆಯ ಅಂಗಿ.

ನಮ್ಮ ಸಲಹೆ ಸರಳವಾದುದು. 1975ರಲ್ಲಿ ಸ್ಥಾಪಿತವಾದ ಕೈಮಗ್ಗ ಅಭಿವೃದ್ಧಿ ನಿಗಮವು ಸಮವಸ್ತ್ರದ ಬಟ್ಟೆಯನ್ನು ನೇಯಿಸಿಕೊಟ್ಟುದುಂಟು. ಆ ಪದ್ಧತಿಯು ಬೆಳೆಯಬೇಕು. ಎರಡು ಜೊತೆಗಳೂ ಶಾಲೆ ತೆರೆಯುವ ವಾರದಲ್ಲಿಯೇ ಮಕ್ಕಳ ಕೈಸೇರಬೇಕು. ಬಟ್ಟೆಯ ತುಂಡನ್ನು ಕೊಟ್ಟು ಹೊಲಿಗೆಯ ಕೂಲಿಯನ್ನು ಕೂಲಿಯವನ ಮೇಲೆ ಹೊರಿಸಬಾರದು. ಕಡೂರಿನ ಮಕ್ಕಳ ಅಂಗಿಯನ್ನು ಕಡೂರಿನ ದರ್ಜಿಗಳೂ, ತರೀಕೆರೆ ಅಜ್ಜಂಪುರಗಳ ಮಕ್ಕಳ ಅಂಗಿಯನ್ನು ಆಯಾ ಊರಿನ ಮಹಿಳಾ ಸಂಘಗಳೂ ಹೊಲಿಯುವಂತಾದರೆ ಮಗುವಿಗೆ ಮೈತುಂಬ ಬಟ್ಟೆ, ಊರಿಗೆ ಕೈತುಂಬ ಕೆಲಸ. ಬೆಳೆಯುವ ಮಕ್ಕಳೆಂಬುದನ್ನು ಬಲ್ಲ ಕೈಗಳು ಒಳಮಡಿಕೆಯನ್ನು ಬಿಡಲು ಮರೆಯಲಾರವು. ಈ ಕಾರ್ಯಕ್ಕೆ ದೊಡ್ಡ ಸಮಿತಿಗಳೂ ದೀರ್ಘವಾದ ವರದಿಗಳೂ ಬೇಕಾಗಿಲ್ಲ. ತಾಲ್ಲೂಕಿನ ಮಟ್ಟದಲ್ಲಿ ಶ್ರದ್ಧೆಯಿಂದ ದುಡಿಯುವ ನಾಲ್ವರು ಸಾಕು.

ಜೊತೆಯಲ್ಲಿಯೇ ಈ ತಾಲ್ಲೂಕುಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ ಮನೆಯ ಹಿರಿಯರ ಉಡುಪಿನ ನೆನಪುಗಳನ್ನು ಬರೆಯಿಸಲೆಂದು ನಾವು ಕೋರುತ್ತೇವೆ. ಕುಲಾವಿ, ಚೊಣ್ಣ, ಕೊಪ್ಪೆ, ಮಸಿಯರಿವೆ ಎಂಬ ಮಾತುಗಳು ಆ ವಸ್ತುಗಳೊಡನೆಯೇ ಮರೆಯಾಗುತ್ತಿವೆ. ಅಜ್ಜಿಯ ನಗುವನ್ನು ಮೊಮ್ಮಗಳು ಬರೆದುಕೊಳ್ಳಲಿ. ಅಜ್ಜಿ ಸುಮ್ಮನಾದ ಕಡೆಯಲ್ಲಿ ಏಕೆ ಸುಮ್ಮನಾದಳೆಂದು ಕೇಳಿ ಅದನ್ನೂ ಬರೆದುಕೊಳ್ಳಲಿ. ಮಾನವೆಂಬ ಮಾತಿಗೆ ಕನ್ನಡದಲ್ಲಿ ಮರ್ಯಾದೆಯೆಂಬ ಅರ್ಥವೂ ಅಳತೆಯೆಂಬ ಅರ್ಥವೂ ಉಂಟು. ಮಕ್ಕಳ ಮೈಮೇಲಿನ ಬಟ್ಟೆಯು ಎರಡು ಅರ್ಥದಲ್ಲಿಯೂ ನಾಡಿನ ಮಾನವೆಂಬುದನ್ನು ಆಳುವವರೂ ಆಳಿಸಿಕೊಳ್ಳುವವರೂ ಮರೆಯದಿರಲಿ.