ಹೆಪಟೈಟಿಸ್ ಬಿ: ಬ್ಲಂಬರ್ಗ್ ಕಂಡ ಬಿಳಿ ಗೆರೆ

ಹೆಪಟೈಟಿಸ್ ಬಿ ಯಕೃತ್ತಿಗೆ ತಗಲುವ ವೈರಸ್ ಸೋಂಕು. ರಕ್ತ, ಲೈಂಗಿಕ ಸಂಪರ್ಕ ಹಾಗೂ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುವ ಇದು, ದೇಹದಲ್ಲಿ ವರ್ಷಗಟ್ಟಲೆ ಉಳಿದರೆ ಸಿರೋಸಿಸ್, ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗಬಲ್ಲದು. ಇದರ ರಕ್ತಪರೀಕ್ಷೆಗೂ ಲಸಿಕೆಗೂ ಮೂಲ ಅಮೆರಿಕದ ವೈದ್ಯವಿಜ್ಞಾನಿ ಬರೂಕ್ ಬ್ಲಂಬರ್ಗ್ (1925–2011) ಅವರ ಸಂಶೋಧನೆ.

ಬ್ಲಂಬರ್ಗ್ ವೈರಸ್ ಹುಡುಕಲು ಹೊರಟವರಲ್ಲ. ಜನರ ರಕ್ತದ ಪ್ರೋಟೀನುಗಳಲ್ಲಿ ಆನುವಂಶಿಕವಾಗಿ ಬರುವ ವ್ಯತ್ಯಾಸ ಅವರ ವಿಷಯ. ಪದೇ ಪದೇ ರಕ್ತ ಪಡೆದ ರೋಗಿಗಳಲ್ಲಿ ಇತರರ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿರುತ್ತವೆ ಎಂಬುದು ಅವರ ತರ್ಕ. ಅಗರ್ ಪದರದ ನಡುವಿನ ಕುಳಿಗೆ ಅಂಥ ರೋಗಿಯ ಸೀರಂ, ಸುತ್ತಲಿನ ಕುಳಿಗಳಿಗೆ ಬೇರೆ ಬೇರೆ ಜನರ ಸೀರಂ ಹಾಕುತ್ತಿದ್ದರು. ಎರಡೂ ಹರಡುತ್ತ ಬಂದು, ಪ್ರತಿಕಾಯಕ್ಕೆ ಅದಕ್ಕೊಪ್ಪುವ ಪ್ರೋಟೀನ್ ಎದುರಾದಲ್ಲಿ ಬಿಳಿ ಗೆರೆ ಮೂಡುತ್ತಿತ್ತು. 1963ರಲ್ಲಿ ನ್ಯೂಯಾರ್ಕಿನ ಹಿಮೋಫಿಲಿಯಾ ರೋಗಿಯ ಸೀರಂ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಂ ಜೊತೆ ಅಂಥ ಗೆರೆ ಮೂಡಿಸಿತು. ಹೊಸ ಪ್ರೋಟೀನಿಗೆ ‘ಆಸ್ಟ್ರೇಲಿಯಾ ಆ್ಯಂಟಿಜೆನ್’ ಎಂಬ ಹೆಸರು ಬಂತು.

ಮೊದಲು ಇದು ಹುಟ್ಟಿನಿಂದ ಬರುವ ಗುಣವೆಂದೇ ತೋರಿತ್ತು. ಆದರೆ 1966ರಲ್ಲಿ, ಹಿಂದಿನ ಪರೀಕ್ಷೆಯಲ್ಲಿ ಆ್ಯಂಟಿಜೆನ್ ಇಲ್ಲದಿದ್ದ ಡೌನ್ ಸಿಂಡ್ರೋಮಿನ ರೋಗಿಯೊಬ್ಬನಲ್ಲಿ ಅದು ಹೊಸದಾಗಿ ಕಾಣಿಸಿತು. ಜೊತೆಗೇ ಯಕೃತ್ತಿನ ಉರಿಯೂತವೂ ಇತ್ತು. ಮುಂದಿನ ಅಧ್ಯಯನಗಳು ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನ್ ಎಂದು ಖಚಿತಪಡಿಸಿದವು. ದಾನಿಗಳ ರಕ್ತದಲ್ಲಿ ಅದನ್ನು ಹುಡುಕುವ ಪರೀಕ್ಷೆ ಎಪ್ಪತ್ತರ ದಶಕದಲ್ಲಿ ರಕ್ತನಿಧಿಗಳಿಗೆ ಬಂತು.

ಈ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಗ ಆಗುತ್ತಿರಲಿಲ್ಲ. ಹಾಗಾಗಿ ಲಸಿಕೆಗೆ ಬೇರೆಯೇ ಹಾದಿ ಬೇಕಿತ್ತು. ಸೋಂಕಿತರ ರಕ್ತದಲ್ಲಿ ಪೂರ್ಣ ವೈರಸ್ಸಿನ ಜೊತೆಗೆ, ತಳಿದ್ರವ್ಯವಿಲ್ಲದ ಬರಿಯ ಹೊರಕವಚದ ಕಣಗಳೂ ಹೇರಳವಾಗಿರುತ್ತವೆ. ಅವು ರೋಗ ತರಲಾರವು, ರೋಗನಿರೋಧಕ ಶಕ್ತಿಯನ್ನು ಮಾತ್ರ ಎಬ್ಬಿಸುತ್ತವೆ. ಈ ಕಣಗಳನ್ನು ಬೇರ್ಪಡಿಸಿ ಶುದ್ಧಗೊಳಿಸುವ ವಿಧಾನಕ್ಕೆ ಬ್ಲಂಬರ್ಗ್ ಮತ್ತು ಇರ್ವಿಂಗ್ ಮಿಲ್‌ಮನ್ 1969ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1976ರಲ್ಲಿ ಬ್ಲಂಬರ್ಗ್ ನೊಬೆಲ್ ಹಂಚಿಕೊಂಡರು. ರಕ್ತದಿಂದ ತಯಾರಾದ ಲಸಿಕೆಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1986ರ ಹೊತ್ತಿಗೆ ಯೀಸ್ಟ್ ಕೋಶಗಳಲ್ಲೇ ಆ ಪ್ರೋಟೀನ್ ತಯಾರಿಸುವ ಲಸಿಕೆ ಬಂದು, ಮಾನವ ರಕ್ತದ ಅವಲಂಬನೆ ತಪ್ಪಿತು. 1984ರಿಂದ ನವಜಾತ ಶಿಶುಗಳಿಗೆ ಲಸಿಕೆ ಹಾಕತೊಡಗಿದ ತೈವಾನಿನಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಇಳಿಯಿತು.

ಚಿಕಿತ್ಸೆಯ ಹುಡುಕಾಟ ಬ್ಲಂಬರ್ಗ್ ಅವರನ್ನು ಭಾರತದತ್ತ ತಂದಿತು. ಕರ್ನಾಟಕದ ಹಳ್ಳಿಗಳಲ್ಲೂ ಕಾಮಾಲೆಗೆ ಕೊಡುವ ನೆಲನೆಲ್ಲಿಯ ಸಾರ ವೈರಸ್ಸಿನ ಕಿಣ್ವವೊಂದನ್ನು ತಡೆಯುತ್ತದೆ ಎಂದು 1987ರಲ್ಲಿ ಅವರ ತಂಡ ವರದಿ ಮಾಡಿತು. ಮರುವರ್ಷ ಮದ್ರಾಸಿನ ಸಂಶೋಧಕರ ಜೊತೆ ರೋಗಿಗಳ ಮೇಲೆ ನಡೆಸಿದ ಪ್ರಯೋಗವೂ ಆಸೆ ಹುಟ್ಟಿಸಿತು. ನಂತರದ ಪ್ರಯೋಗಗಳಲ್ಲಿ ಆ ಫಲ ಸ್ಥಿರವಾಗಿ ಸಿಗಲಿಲ್ಲ. ಇಂದಿನ ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ವೈರಸ್ಸನ್ನು ಹತ್ತಿಕ್ಕುತ್ತವೆ, ಪೂರ್ತಿ ನಿರ್ಮೂಲ ಮಾಡುವುದು ಅಪರೂಪ. ಆದ್ದರಿಂದ ತಡೆಗಟ್ಟುವಿಕೆಯೇ ಮುಖ್ಯ: ಭಾರತದಲ್ಲಿ ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್, ಬಳಿಕ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯ ಮೂಲಕ ಉಳಿದ ಡೋಸುಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲಾಗುತ್ತದೆ.